ದೇವರಿಗೆ ಹೆದರಿದ ಮಗು ಯಾವ ಕಡೆ ಓಡಬೇಕು?

ಪ್ರಶ್ನೆ: ನಾವು ಬೆಂಗಳೂರಿನ ವಿಜಯನಗರದವರು. ಮನೆಯಲ್ಲಿ ಅತ್ತೆ, ಮಾವ, ಯಜಮಾನರು, ನಾನು ಮತ್ತು ಏಳು ವರ್ಷದ ಮಗ. ಗಣೇಶನ ಹಬ್ಬದ ದಿನ ನೈವೇದ್ಯಕ್ಕೆ ಇಟ್ಟಿದ್ದ ಕಡುಬನ್ನು ಮಗ ಪೂಜೆಗೆ ಮುಂಚೆಯೇ ತಿಂದುಬಿಟ್ಟ. ಅತ್ತೆ "ಚಾಮಿ ಕಣ್ಣು ಕೀಳುತ್ತೆ ನೋಡು" ಅಂದರು. ಅದಾಗಿ ಆರು ದಿನಕ್ಕೆ ಮಾವನಿಗೆ ಹೃದಯಾಘಾತವಾಯಿತು. ಸ್ಟೆಂಟ್ ಹಾಕಿದರು, ಈಗ ಮನೆಗೆ ಬಂದು ಚೆನ್ನಾಗಿದ್ದಾರೆ. ಆದರೆ ಮಗ ದಿನಕ್ಕೆ ಹತ್ತು ಸಲ ದೇವರ ಮನೆ ಮುಂದೆ ನಿಂತು ಕೆನ್ನೆ ಬಡಿದುಕೊಳ್ಳುತ್ತಿದ್ದ. ಭಕ್ತಿ ಬಂದಿದೆ ಅಂದುಕೊಂಡು ನಾವು ಖುಷಿಪಟ್ಟೆವು. ಮೂರು ವಾರ ಆದ ಮೇಲೆ ಒಂದು ರಾತ್ರಿ ಅಳುತ್ತಾ "ತಾತನಿಗೆ ಹಾಗಾಗಿದ್ದು ನನ್ನಿಂದ" ಅಂದ. ಈಗ ಯಜಮಾನರು "ಅವನ ಮುಂದೆ ಇನ್ನು ದೇವರ ಮಾತೇ ಬೇಡ" ಅನ್ನುತ್ತಾರೆ. ಅತ್ತೆ "ಭಯ ಇಲ್ಲದೆ ಭಕ್ತಿ ಎಲ್ಲಿಂದ ಬರುತ್ತೆ? ನಾವೆಲ್ಲ ಹೆದರಿಕೊಂಡೇ ಬೆಳೆದವರು" ಅನ್ನುತ್ತಾರೆ. ಮಕ್ಕಳನ್ನು ಬೆಳೆಸುವಾಗ, ದೇವರನ್ನು ಕಲಿಸುವಾಗ ಭಯಕ್ಕೆ ಜಾಗ ಇದೆಯೋ ಇಲ್ಲವೋ? ನಾವು ಅವನನ್ನು ಹಾಳು ಮಾಡಿಬಿಟ್ಟೆವಾ ಅನ್ನೋ ಭಯ ನನಗೆ.

ಉತ್ತರ: ಮೊದಲು ಮಗನ ವಿಷಯ. ಭಯದ ದೊಡ್ಡ ಚರ್ಚೆ ಎರಡು ದಿನ ತಡವಾದರೂ ನಡೆಯುತ್ತದೆ. ಅವನ ತಲೆಯಲ್ಲಿರುವ ಲೆಕ್ಕ ಮಾತ್ರ ತಡೆಯುವುದಿಲ್ಲ.

ಆ ಲೆಕ್ಕ ಅವನ ವಯಸ್ಸಿಗೆ ಸಹಜವಾದದ್ದು. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಮಕ್ಕಳ ಯೋಚನೆಯನ್ನು ಬದುಕಿಡೀ ಅಭ್ಯಾಸ ಮಾಡಿದವರು. 1932ರಲ್ಲಿ ಅವರು ಪ್ರಕಟಿಸಿದ ಕೆಲಸದಲ್ಲಿ ಒಂದು ಪುಟ್ಟ ಕಥೆ ಬರುತ್ತದೆ. ಒಬ್ಬ ಹುಡುಗ ಸೇಬು ಕದ್ದು ಓಡುವಾಗ ಹಳೇ ಮರದ ಸೇತುವೆ ಮುರಿದು ನೀರಿಗೆ ಬೀಳುತ್ತಾನೆ. ಕದಿಯದೇ ಇದ್ದಿದ್ದರೂ ಬೀಳುತ್ತಿದ್ದನಾ ಎಂದು ಮಕ್ಕಳನ್ನು ಕೇಳಿದರು. ಚಿಕ್ಕ ಮಕ್ಕಳಲ್ಲಿ ಹೆಚ್ಚಿನವರು "ಇಲ್ಲ, ಕದ್ದಿದ್ದಕ್ಕೇ ಬಿದ್ದ" ಅಂದರು. ದೊಡ್ಡ ಮಕ್ಕಳು ಹಾಗೆ ಹೇಳುವುದು ಕಡಿಮೆಯಾಗುತ್ತಾ ಹೋಯಿತು. ಏಳು ವರ್ಷದ ಮಗುವಿನ ಲೆಕ್ಕದಲ್ಲಿ ಸೇತುವೆಗೂ ಕಳ್ಳತನ ಗೊತ್ತಾಗುತ್ತದೆ. ಕಡುಬಿಗೂ ತಾತನ ಎದೆಗೂ ನಂಟು ಇರುತ್ತದೆ. ಇದಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಅತ್ತೆಯ ಮಾತು ಅವನಲ್ಲಿ ಮೊದಲೇ ಇದ್ದ ಲೆಕ್ಕಕ್ಕೆ ಸಾಕ್ಷಿ ಹೇಳಿತು, ಅಷ್ಟೆ.

ಹಾಗಾಗಿ ಸುಮ್ನೆ "ಏನೂ ಆಗಲ್ಲ ಬಿಡೋ" ಅಂದರೆ ಸಾಲದು. ಆ ಲೆಕ್ಕದ ಜಾಗಕ್ಕೆ ಇನ್ನೊಂದು ಲೆಕ್ಕ ಬೇಕು. ತಾತನ ಹೃದಯಕ್ಕೆ ರಕ್ತ ಕೊಡುವ ನಾಳದಲ್ಲಿ ಎಷ್ಟೋ ವರ್ಷದಿಂದ ಕೊಬ್ಬು ಕಟ್ಟಿಕೊಳ್ಳುತ್ತಾ ಬಂದಿತ್ತು, ನೀನು ಹುಟ್ಟುವುದಕ್ಕೂ ಮುಂಚಿನಿಂದ, ಅಂತ ಹೇಳಿ. ಅಡುಗೆಮನೆ ಸಿಂಕಿನ ಪೈಪ್ ಒಂದೇ ದಿನಕ್ಕೆ ಕಟ್ಟಿಕೊಳ್ಳುವುದಿಲ್ಲ, ಅಲ್ವಾ? ಜಿಡ್ಡು ದಿನಾ ಸೇರಿ ಸೇರಿ ಒಂದು ದಿನ ನೀರು ನಿಲ್ಲುತ್ತದೆ. ಡಾಕ್ಟರ್ ಆ ನಾಳದೊಳಗೆ ಬಲೆಯಂಥ ಸಣ್ಣ ಲೋಹದ ಕೊಳವೆ ಇಟ್ಟು ದಾರಿ ಬಿಡಿಸಿದ್ದಾರೆ. ಅದರ ಹೆಸರೇ ಸ್ಟೆಂಟ್. ಇದನ್ನು ಮಾವನೇ ಹೇಳಿದರೆ ಇನ್ನೂ ಒಳ್ಳೆಯದು. ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವನ ಕೈಯನ್ನು ತಮ್ಮ ಎದೆ ಮೇಲೆ ಇಟ್ಟುಕೊಂಡು, "ನೋಡು, ಹೊಡೆದುಕೊಳ್ತಾ ಇದೆ" ಅಂತ ಅವರು ಹೇಳಲಿ. ಯಾರನ್ನು ಕೊಂದುಬಿಟ್ಟೆ ಅಂತ ಅವನು ಹೆದರಿದ್ದಾನೋ ಅವರ ಬಾಯಿಂದಲೇ ಮಾತು ಬರಬೇಕು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು "ಮೂರು ವಾರ" ಅನ್ನುವ ಮಾತು. ಅತ್ತೆ ಹೆದರಿಸಿದ್ದು ಒಂದು ನಿಮಿಷದ ಮಾತು. ಮಗ ಅದನ್ನು ಮೂರು ವಾರ ಒಬ್ಬನೇ ಹೊತ್ತ. ಮನೆತುಂಬ ಜನರಿದ್ದರೂ ಯಾರ ಹತ್ತಿರವೂ ಬರಲಿಲ್ಲ. ದೇವರ ಮುಂದೆ ಹೋದ, ನಿಜ. ಆದರೆ ಸಾಲ ಕೊಟ್ಟವನ ಮುಂದೆ ಗಡುವು ಕೇಳುವವನ ಹಾಗೆ ಹೋದ. ಭಯ ಸರಿಯೋ ತಪ್ಪೋ ಅಂತ ಯಾರು ಕೇಳಿದರೂ ನಾನು ಮೊದಲು ವಾಪಸ್ ಕೇಳುವುದು ಇದನ್ನೇ: ತಪ್ಪು ಮಾಡಿದ ಮೇಲೆ ನಿಮ್ಮ ಮಗು ಯಾವ ಕಡೆ ಓಡುತ್ತೆ? ನಿಮ್ಮ ಕಡೆಗಾ, ನಿಮ್ಮಿಂದ ದೂರಕ್ಕಾ?

ಇದು ನನಗೆ ಓದಿನಿಂದ ಬಂದ ಪ್ರಶ್ನೆಯಲ್ಲ. ಆರು ವರ್ಷದವಳಿದ್ದಾಗ ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ನಾನು ಕಳೆದುಹೋಗಿದ್ದೆ. ಕಾರ್ತಿಕದ ಕೊನೆಯ ಸೋಮವಾರ, ಬುಲ್ ಟೆಂಪಲ್ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಮ್ಮನ ಸೆರಗು ಕೈ ತಪ್ಪಿತು. ಹತ್ತು ಹೆಜ್ಜೆ ದೂರದಲ್ಲಿ ಒಬ್ಬ ಪೊಲೀಸ್ ನಿಂತಿದ್ದರು. ಊಟ ಮಾಡದಿದ್ದರೆ ಪೊಲೀಸ್ ಮಾಮ ಹಿಡ್ಕೊಂಡು ಹೋಗ್ತಾರೆ ಅಂತ ದಿನಾ ಕೇಳಿಸಿಕೊಂಡು ಬೆಳೆದವಳು ನಾನು. ಕಡಲೆಕಾಯಿ ಮೂಟೆಗಳ ಸಂದಿಯಲ್ಲಿ ಬಚ್ಚಿಟ್ಟುಕೊಂಡೆ. ಅವರು ನನ್ನನ್ನೇ ಹುಡುಕುತ್ತಾ ಓಡಾಡುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು. ಅಮ್ಮ ಸಿಕ್ಕಾಗ ಮೊದಲು ಬೆನ್ನಿಗೆ ಒಂದು ಬಿತ್ತು. ಮರುಗಳಿಗೆಯಲ್ಲಿ ಅಪ್ಪಿಕೊಂಡು ನನಗಿಂತ ಜೋರಾಗಿ ಅತ್ತರು. ಅಮ್ಮ ಎಷ್ಟು ಹೆದರಿದ್ದರು ಅನ್ನುವುದು ನನಗೆ ಮಗಳು ಹುಟ್ಟಿದ ಮೇಲೆ ಅರ್ಥವಾಯಿತು. ನಾವು ಮಕ್ಕಳನ್ನು ಹೆದರಿಸುವುದರಲ್ಲಿ ಬಹುಪಾಲು ನಮ್ಮದೇ ಹೆದರಿಕೆ. ತಡೆದುಕೊಳ್ಳಲಾಗದೆ ಅದನ್ನು ಅವರ ಕೈಗೆ ದಾಟಿಸುತ್ತೇವೆ.

ಗುಮ್ಮ, ಬೂಚಿ, ಇಂಜೆಕ್ಷನ್ ಚುಚ್ಚುವ ಡಾಕ್ಟರ್, ಚೀಲದಲ್ಲಿ ಹಾಕಿಕೊಂಡು ಹೋಗುವವನು. ಇವರೆಲ್ಲ ನಾವು ಎರವಲು ತಂದ ಭಯಗಳು. ನಮ್ಮ ಮಾತಿಗೆ ಬೆಲೆ ಸಾಲದಾದಾಗ ಬೇರೆಯವರ ಹೆಸರು ಕರೆಯುತ್ತೇವೆ. ಮಗುವಿಗೆ ನಿಜವಾಗಿ ಕಷ್ಟ ಬಂದ ದಿನ ನೆರವಿಗೆ ಬೇಕಾಗುವ ಪೊಲೀಸ್, ಡಾಕ್ಟರ್ ಕೂಡ ಅವರಲ್ಲೇ ಇದ್ದಾರೆ. ದೇವರನ್ನು ಈ ಸಾಲಿಗೆ ಸೇರಿಸಿದರೆ ನಷ್ಟ ಇನ್ನೂ ದೊಡ್ಡದು. ಯಾರೂ ಇಲ್ಲ ಅನ್ನಿಸುವ ಹೊತ್ತಿಗೆ ಆಸರೆಯಾಗಬೇಕಾದ ಬಾಗಿಲನ್ನು ನಾವೇ ಹೆದರಿಸಿ ಮುಚ್ಚಿದ ಹಾಗೆ.

ಆದರೂ ನಿಮ್ಮ ಅತ್ತೆಯ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅವರು ಸುಳ್ಳು ಹೇಳುತ್ತಿಲ್ಲ. ಕನ್ನಡದಲ್ಲಿ ಭಯಭಕ್ತಿ ಅನ್ನುವುದು ಒಂದೇ ಪದ, ಎರಡನ್ನೂ ಬಿಡಿಸಲಾಗದ ಹಾಗೆ ಹೆಣೆದಿದ್ದಾರೆ. ಯಾರೋ ನೋಡುತ್ತಿದ್ದಾರೆ ಅನ್ನುವ ಅಳುಕು ಕೆಲಸ ಮಾಡುತ್ತದೆ ಅನ್ನುವುದೂ ನಿಜ. 2011ರಲ್ಲಿ ಒಂದು ಅಧ್ಯಯನ ಬಂತು. ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆ ಮೋಸ ಮಾಡದೆ ಆಡುವುದು ತುಂಬ ಕಷ್ಟವಾದ ಒಂದು ಆಟ ಕೊಟ್ಟರು. ಕೆಲವರಿಗೆ ಅಲ್ಲಿದ್ದ ಖಾಲಿ ಕುರ್ಚಿ ತೋರಿಸಿ, ಕಣ್ಣಿಗೆ ಕಾಣದ ರಾಜಕುಮಾರಿ ಆಲಿಸ್ ಕೂತಿದ್ದಾಳೆ ಅಂದರು. ಅವಳಿದ್ದಾಳೆ ಎಂದು ನಂಬಿದ ಮಕ್ಕಳು ಮೋಸ ಮಾಡಿದ್ದು ಕಡಿಮೆ. ದೊಡ್ಡವರು ಎದುರು ಕೂತಿದ್ದಾಗ ಹೇಗೋ ಹೆಚ್ಚುಕಡಿಮೆ ಹಾಗೆಯೇ ನಡೆದುಕೊಂಡರು. ಒಂದು ಮಾತು ಗಮನಿಸಿ. ಆ ರಾಜಕುಮಾರಿ ಸುಮ್ಮನೆ ಕೂತಿದ್ದಳು, ಕಣ್ಣು ಕೀಳುತ್ತೇನೆ ಅಂದಿರಲಿಲ್ಲ. ಯಾರೋ ಇದ್ದಾರೆ ಅನ್ನುವುದೇ ಸಾಕಾಗಿತ್ತು.

ಶಿಕ್ಷೆಯ ಭಯ ಬೇರೆಯೇ ಪಾಠ ಕಲಿಸುತ್ತದೆ. ಅದೇ 2011ರಲ್ಲಿ ವಿಕ್ಟೋರಿಯಾ ತಲ್ವಾರ್ ಮತ್ತು ಕಾಂಗ್ ಲೀ ಅನ್ನುವ ಮನಶ್ಶಾಸ್ತ್ರಜ್ಞರು ಪಶ್ಚಿಮ ಆಫ್ರಿಕಾದ ಎರಡು ಶಾಲೆಗಳ ಮೂರು-ನಾಲ್ಕು ವರ್ಷದ ಮಕ್ಕಳನ್ನು ಗಮನಿಸಿದರು. ಒಂದು ಶಾಲೆಯಲ್ಲಿ ಕೋಲಿನ ಏಟು ದಿನದ ಮಾತು. ಇನ್ನೊಂದರಲ್ಲಿ ಹೊಡೆಯುವುದಿಲ್ಲ, ಗದರುವಂಥ ಶಿಕ್ಷೆಗಳು ಮಾತ್ರ. ಆಟಿಕೆಯನ್ನು ತಿರುಗಿ ನೋಡಬೇಡ ಅಂತ ಹೇಳಿ ಮಗುವನ್ನು ಒಂಟಿಯಾಗಿ ಬಿಟ್ಟರು. ಎರಡೂ ಶಾಲೆಯಲ್ಲಿ ಹೆಚ್ಚಿನ ಮಕ್ಕಳು ಇಣುಕಿದರು, ಮಕ್ಕಳಲ್ವಾ! ಕೇಳಿದಾಗ ಹೊಡೆಯದ ಶಾಲೆಯಲ್ಲಿ ಇಣುಕಿದವರಲ್ಲಿ ಸುಮಾರು ಅರ್ಧ ಮಕ್ಕಳು ಸುಳ್ಳು ಹೇಳಿದರು. ಹೊಡೆಯುವ ಶಾಲೆಯಲ್ಲಿ ಬಹುತೇಕ ಎಲ್ಲರೂ ಹೇಳಿದರು. ಅಷ್ಟೇ ಅಲ್ಲ, ಆ ಸುಳ್ಳನ್ನು ಇನ್ನೂ ಹೆಚ್ಚು ಜಾಣತನದಿಂದ ಕಾಪಾಡಿಕೊಂಡರು. ಇಣುಕುವುದನ್ನು ಏಟು ನಿಲ್ಲಿಸಲಿಲ್ಲ. ಬಚ್ಚಿಡುವುದನ್ನು ಚೆನ್ನಾಗಿ ಕಲಿಸಿತು.

ಹಾಗಾದರೆ ಅತ್ತೆಯ ಕಾಲದವರು ಹೆದರಿಕೊಂಡೇ ಬೆಳೆದು ಒಳ್ಳೆಯವರಾದದ್ದು ಹೇಗೆ? ಈ ಪ್ರಶ್ನೆಯನ್ನು ನಾನು ಬಹಳ ವರ್ಷ ತಲೆಯಲ್ಲಿ ಇಟ್ಟುಕೊಂಡು ಓಡಾಡಿದ್ದೇನೆ. ನನಗೆ ಸಿಕ್ಕ ಉತ್ತರ ಇದು: ಅವರಿಗೆ ಸಿಕ್ಕ ಭಯದ ಜೊತೆಯಲ್ಲೇ ಬಿಡುಗಡೆಯೂ ಸಿಗುತ್ತಿತ್ತು. ನಿಮ್ಮ ಅತ್ತೆಯನ್ನೇ ಕೇಳಿ ನೋಡಿ. ಚಿಕ್ಕವರಿದ್ದಾಗ ದೇವರ ವಿಷಯದಲ್ಲಿ ತಪ್ಪು ಮಾಡಿದರೆ ಮುಂದೆ ಏನು ಮಾಡುತ್ತಿದ್ದಿರಿ ಅಂತ. ಅವರ ಅಮ್ಮನೋ ಅಜ್ಜಿಯೋ ಹುಂಡಿಗೆ ತಪ್ಪುಕಾಣಿಕೆ ಹಾಕಿಸಿರುತ್ತಾರೆ. ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ ಮುಡಿಪು ಇಟ್ಟಿರುತ್ತಾರೆ. ಬೆಚ್ಚಿಬಿದ್ದ ಮಗುವಿಗೆ ದೃಷ್ಟಿ ತೆಗೆದು, ಹಣೆಗೆ ವಿಭೂತಿ ಹಚ್ಚಿ, "ಹೋಯ್ತು, ಎಲ್ಲ ಹೋಯ್ತು" ಅಂದಿರುತ್ತಾರೆ. ಪ್ರತಿ ಪೂಜೆಯ ಕೊನೆಯಲ್ಲೂ ಕ್ಷಮೆ ಕೇಳುವ ಮಂತ್ರವೇ ಇದೆ. ಮಂತ್ರ ತಪ್ಪಿರಬಹುದು, ಕ್ರಮ ತಪ್ಪಿರಬಹುದು, ಭಕ್ತಿಯೇ ಸಾಲದೆ ಇರಬಹುದು, ಒಪ್ಪಿಸಿಕೋ ಅಂತ. ಅಂದರೆ ಪೂಜೆಯಲ್ಲಿ ತಪ್ಪಾಗುವುದು ದೇವರಿಗೆ ಮೊದಲೇ ಗೊತ್ತಿರುವ ವಿಷಯ! ಕಡುಬಿನ ಲೆಕ್ಕವೂ ಅದರಲ್ಲೇ ಬಂತು.

ನಿಮ್ಮ ಮಗನಿಗೆ ಮೊದಲ ಅರ್ಧ ಮಾತ್ರ ತಲುಪಿತು. ಹಬ್ಬದ ಗಡಿಬಿಡಿ, ಆಮೇಲೆ ಆಸ್ಪತ್ರೆಯ ಓಡಾಟ. ಹೆದರಿಸಿದ ಮಾತನ್ನು ವಾಪಸ್ ತೆಗೆದುಕೊಳ್ಳಲು ಯಾರಿಗೂ ಬಿಡುವಾಗಲಿಲ್ಲ. ಮೊದಲಾದರೆ ಹತ್ತು ಜನರಿದ್ದ ಮನೆಯಲ್ಲಿ ಒಬ್ಬರು ಹೆದರಿಸಿದರೆ ಇನ್ನೊಬ್ಬರು ಸೊಂಟದ ಮೇಲೆ ಎತ್ತಿಕೊಳ್ಳುತ್ತಿದ್ದರು. ಈಗ ಅಷ್ಟು ಕೈಗಳಿಲ್ಲ.

ಪುರಂದರದಾಸರ ಗುಮ್ಮನ ಕೀರ್ತನೆ ನಿಮಗೂ ಗೊತ್ತಿರುತ್ತದೆ. ಪುಟ್ಟ ಕೃಷ್ಣ ಗುಮ್ಮನ ಹೆಸರಿಗೆ ನಡುಗಿ, ಊಟ ಮಾಡ್ತೀನಿ, ಅಳಲ್ಲ, ಮಣ್ಣು ತಿನ್ನಲ್ಲ ಅಂತ ಒಂದೊಂದೇ ಮಾತು ಕೊಡುತ್ತಾ ಹೋಗುತ್ತಾನೆ. ನಾವು ಅಷ್ಟನ್ನು ನೆನಪಿಟ್ಟುಕೊಂಡಿದ್ದೇವೆ. ಕೊನೆಯ ಚರಣದಲ್ಲಿ ಗೋಪಿ ಏನು ಮಾಡುತ್ತಾಳೆ ಗೊತ್ತಾ? ಮಗನ ಮಾತು ಕೇಳಿ ನಗುತ್ತಾಳೆ, ಬಿಗಿಯಾಗಿ ಅಪ್ಪಿಕೊಳ್ಳುತ್ತಾಳೆ. ಹಾಡು ಮುಗಿಯುವುದು ಅಲ್ಲಿ. ಆ ಚರಣವನ್ನು ಬಿಟ್ಟು ಹಾಡಿದರೆ ಅದು ಅದೇ ಹಾಡಾಗಿ ಉಳಿಯುವುದಿಲ್ಲ.

ನಮ್ಮ ಊರಿನ ದೇವರುಗಳಲ್ಲೂ ಇದೇ ಕಾಣುತ್ತದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಜನ ಮನೆ ಬಿಟ್ಟು ಬಯಲಿಗೆ ಓಡಿದರು. ಇಕ್ಕಟ್ಟಿನ ಪೇಟೆ ಬಿಟ್ಟು ಮಲ್ಲೇಶ್ವರ, ಬಸವನಗುಡಿಯಂಥ ಹೊಸ ಬಡಾವಣೆಗಳತ್ತ ಜನ ಸರಿದದ್ದರಲ್ಲಿ ಆ ಭಯದ ಪಾಲೂ ಇದೆ. ಆ ದಿನಗಳಲ್ಲಿ ಜನ ಆ ರೋಗಕ್ಕೇ ಒಂದು ಗುಡಿ ಕಟ್ಟಿದರು, ಪ್ಲೇಗಮ್ಮ ಅಂತ ಹೆಸರಿಟ್ಟರು. ತ್ಯಾಗರಾಜನಗರದಲ್ಲಿ ಇವತ್ತಿಗೂ ಪ್ಲೇಗ್ ಮಾರಮ್ಮನ ಗುಡಿ ಇದೆ. ಮೈಮೇಲೆ ಗುಳ್ಳೆ ಎದ್ದರೆ ಈಗಲೂ "ಅಮ್ಮ ಆಗಿದೆ" ಅನ್ನುತ್ತೇವೆ, ಮೆಜೆಸ್ಟಿಕ್ ಹತ್ತಿರದ ಅಣ್ಣಮ್ಮನಿಗೆ ಹರಕೆ ಹೊರುತ್ತೇವೆ. ರೋಗವನ್ನು ಓಡಿಸಿದ್ದು ಲಸಿಕೆ ಮತ್ತು ಔಷಧಿ, ಅದರಲ್ಲಿ ನನಗೆ ಅನುಮಾನವಿಲ್ಲ. ನಾನು ಹೇಳುತ್ತಿರುವುದು ಬೇರೆ. ಅಷ್ಟು ಭಯಂಕರವಾದದ್ದು ಎದುರು ನಿಂತಾಗ ನಮ್ಮ ಹಿರಿಯರು ಅದನ್ನು ಅಮ್ಮ ಅಂತ ಕರೆದರು. ತಂಬಿಟ್ಟು, ಮೊಸರನ್ನ ಕೊಟ್ಟು ತಂಪು ಮಾಡಲು ನೋಡಿದರು. ಭಯದ ಜೊತೆ ನಂಟಸ್ತಿಕೆ ಬೆಳೆಸಿದರು. ಅಮ್ಮನಿಗೆ ಸಿಟ್ಟು ಬಂದರೆ ಇಳಿಯುತ್ತದೆ. ಗುಮ್ಮನ ಸಿಟ್ಟು ಇಳಿಯುವುದು ಹೇಗೆ ಅಂತ ಯಾರಿಗೂ ಗೊತ್ತಿಲ್ಲ.

ಅತ್ತೆಯವರ ಜೊತೆ ಮಾತಾಡುವಾಗ ಮನಶ್ಶಾಸ್ತ್ರದ ಪುಸ್ತಕ ತೆಗೆಯಬೇಡಿ. ಅವರಿಗೆ ಗೊತ್ತಿರುವ ಪ್ರಹ್ಲಾದನ ಕಥೆಯೇ ಸಾಕು. ಆ ಕಥೆಯಲ್ಲಿ ಮಗನನ್ನು ಹೆದರಿಸಿ ದಾರಿಗೆ ತರಲು ಹೊರಟವನು ಯಾರು? ಆನೆಯಿಂದ ತುಳಿಸಿದ್ದು, ಹಾವು ಬಿಟ್ಟಿದ್ದು, ಬೆಟ್ಟದಿಂದ ತಳ್ಳಿಸಿದ್ದು, ವಿಷ ಕೊಡಿಸಿದ್ದು ಅಪ್ಪ ಹಿರಣ್ಯಕಶಿಪು. ಕಂಬ ಒಡೆದು ನರಸಿಂಹ ಬಂದಾಗ ದೇವತೆಗಳೆಲ್ಲ ನಡುಗಿದರು, ಲಕ್ಷ್ಮಿಯೂ ಹತ್ತಿರ ಹೋಗಲಿಲ್ಲ ಅನ್ನುತ್ತದೆ ಭಾಗವತ. ಕೊನೆಗೆ ಮುಂದೆ ಹೋದವನು ಪುಟ್ಟ ಹುಡುಗ. ಆ ಉಗುರಿನ ಕೈ ಅವನ ತಲೆ ಮೇಲೆ ಬಂದು ಕೂತಿತು. ಗೀತೆಯಲ್ಲಿ ವಿಶ್ವರೂಪ ಕಂಡ ಅರ್ಜುನ ಹೆದರಿ, ನಿನ್ನ ಮೊದಲಿನ ರೂಪವನ್ನೇ ತೋರಿಸು ಅಂತ ಬೇಡಿಕೊಳ್ಳುತ್ತಾನೆ. ಕೃಷ್ಣ ಹೆದರಬೇಡ ಅಂತ ಮೊದಲಿನ ರೂಪಕ್ಕೆ ಬರುತ್ತಾನೆ. ಹದಿನಾರನೇ ಅಧ್ಯಾಯದಲ್ಲಿ ದೈವೀ ಗುಣಗಳನ್ನು ಎಣಿಸುವಾಗ ಬರುವ ಮೊದಲ ಪದವೇ ಅಭಯ. ನಮ್ಮ ಗುಡಿಗಳ ಎಷ್ಟೋ ಮೂರ್ತಿಗಳು ಎತ್ತಿ ಹಿಡಿದಿರುವ ಅಂಗೈಗೂ ಅದೇ ಹೆಸರು.

ಬೇರೆ ಮನೆಗಳಲ್ಲೂ ಈ ಜಗ್ಗಾಟ ಇದ್ದೇ ಇದೆ. ಬೈಬಲ್ಲಿನ ಜ್ಞಾನೋಕ್ತಿಗಳು ದೇವರ ಭಯವೇ ಜ್ಞಾನದ ಮೂಲ ಅನ್ನುತ್ತವೆ. ಯೋಹಾನನ ಮೊದಲ ಪತ್ರ ಪೂರ್ಣವಾದ ಪ್ರೀತಿ ಭಯವನ್ನು ಹೊರಗೆ ಹಾಕುತ್ತದೆ ಅನ್ನುತ್ತದೆ. ಕುರಾನ್ ದೇವರಿಗೆ ಅಂಜಿ ನಡೆಯಲು ಹೇಳುತ್ತದೆ. ಅದರ 114 ಅಧ್ಯಾಯಗಳಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲವೂ ಶುರುವಾಗುವುದು ದಯಾಮಯನ ಹೆಸರಿನಿಂದ. ಭಯದ ಮಾತು ಯಾರೂ ಬಿಟ್ಟಿಲ್ಲ, ಅದೊಂದನ್ನೇ ಹಿಡಿದು ಯಾರೂ ನಿಂತಿಲ್ಲ.

ಯಜಮಾನರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ದೇವರ ಮಾತೇ ನಿಲ್ಲಿಸುವುದು ಈಗ ಸರಿಯಲ್ಲ. ಮಗನ ಮನಸ್ಸಿನಲ್ಲಿ ಕಣ್ಣು ಕೀಳುವ ದೇವರು ಈಗಾಗಲೇ ಬಂದು ಕೂತಿದ್ದಾನೆ. ದೊಡ್ಡವರು ಬಾಯಿ ಮುಚ್ಚಿದರೆ ಅವನು ಆ ದೇವರ ಜೊತೆ ಒಬ್ಬನೇ ಉಳಿಯುತ್ತಾನೆ. ದೇವರ ಮನೆ ಬಾಗಿಲು ಹಾಕಿದರೆ, ಒಳಗಿರುವುದು ಅಪ್ಪನಿಗೂ ಭಯ ಹುಟ್ಟಿಸುವಂಥದ್ದು ಅಂದುಕೊಳ್ಳುತ್ತಾನೆ. ನಂಬಿಕೆ ಇಡುವುದು ಬಿಡುವುದು ಯಜಮಾನರಿಗೆ ಬಿಟ್ಟಿದ್ದು. ಮೊದಲು ಆ ಭಯ ಕರಗಲಿ, ಆಮೇಲೆ ಆ ಮಾತು.

ಮಕ್ಕಳನ್ನು ಬೆಳೆಸುವುದರಲ್ಲಿ ಭಯ ಪೂರ್ತಿ ಬೇಡ ಅಂತಲೂ ನಾನು ಹೇಳುವುದಿಲ್ಲ. ಬಸ್ಸು, ಕರೆಂಟು, ಮಳೆಗಾಲದ ರಾಜಕಾಲುವೆ, ಇವಕ್ಕೆ ಮಗು ಹೆದರಲೇಬೇಕು. ರಸ್ತೆಗೆ ಓಡುವ ಮಗುವಿಗೆ ಕಿರುಚಿ ಹೇಳಿದರೆ ತಪ್ಪಿಲ್ಲ. ಅಲ್ಲಿ ಅಪಾಯ ನಿಜವಾದದ್ದು, ನಿಮ್ಮ ದನಿಯೂ ನಿಜವಾದದ್ದು. ಇನ್ನೊಂದು ಅಂಜಿಕೆಯೂ ಇದೆ. ನಾನು ಹೀಗೆ ಮಾಡಿದರೆ ಅಮ್ಮನಿಗೆ ನೋವಾಗುತ್ತೆ, ಅಜ್ಜಿ ಬೆಳಗ್ಗೆಯಿಂದ ಉಪವಾಸ ಇದ್ದು ಮಾಡಿದ ಕಡುಬು ಅದು ಅನ್ನುವ ಅಂಜಿಕೆ. ಅದನ್ನು ಹೊರಗಿನಿಂದ ತುಂಬಲು ಆಗುವುದಿಲ್ಲ. ಮಾರ್ಟಿನ್ ಹಾಫ್‌ಮನ್ ಅನ್ನುವ ಮನಶ್ಶಾಸ್ತ್ರಜ್ಞರು ತಂದೆತಾಯಿ ಶಿಸ್ತು ಕಲಿಸುವ ದಾರಿಗಳನ್ನು ಮೂರಾಗಿ ನೋಡಿದರು. ಬಲ ತೋರಿಸುವುದು, ಪ್ರೀತಿ ಕಿತ್ತುಕೊಳ್ಳುವುದು, ನಿನ್ನಿಂದ ಯಾರಿಗೆ ಏನಾಯಿತು ಅಂತ ಬಿಡಿಸಿ ಹೇಳುವುದು. ಮನಸ್ಸಾಕ್ಷಿ ಬೆಳೆಯುವುದು ಮೂರನೆಯದರಿಂದಲೇ ಜಾಸ್ತಿ ಅಂತ ಅವರು ಕಂಡುಕೊಂಡರು. ಎರಡನೆಯದರ ಬಗ್ಗೆ ಒಂದು ಮಾತು ಹೇಳಲೇಬೇಕು. "ನಾನು ನಿನ್ನಮ್ಮ ಅಲ್ಲ, ಹೋಗು" ಅನ್ನುವುದನ್ನು ನಾವು ಎಷ್ಟು ಸಲೀಸಾಗಿ ಅಂದುಬಿಡುತ್ತೇವೆ! ಮಗುವಿಗೆ ಅದು ಗುಮ್ಮನಿಗಿಂತ ದೊಡ್ಡ ಭಯ. ಗುಮ್ಮ ಬಂದರೆ ಅಮ್ಮನ ಹತ್ತಿರ ಓಡಬಹುದು. ಅಮ್ಮನೇ ಇಲ್ಲ ಅಂದರೆ?

ಅತ್ತೆಯವರಿಂದ ಆಗಬೇಕಾದ ಕೆಲಸ ಒಂದಿದೆ, ಅದನ್ನು ಅವರೇ ಮಾಡಬೇಕು. ಹೆದರಿಸಿದವರೇ ಬಿಡಿಸಬೇಕು. ಮಗನನ್ನು ದೇವರ ಮನೆಗೆ ಕರೆದುಕೊಂಡು ಹೋಗಿ, ತೊಡೆ ಮೇಲೆ ಕೂರಿಸಿಕೊಂಡು, "ಅವತ್ತು ಅಜ್ಜಿಗೆ ಸಿಟ್ಟು ಬಂದಿತ್ತು ಕಂದ, ಅದಕ್ಕೆ ಹಾಗಂದೆ. ಚಾಮಿ ಮಕ್ಕಳ ಕಣ್ಣು ಕೀಳಲ್ಲ. ತಾತನಿಗೆ ಹುಷಾರು ತಪ್ಪಿದ್ದು ನಿನ್ನಿಂದ ಅಲ್ಲ" ಅಂತ ಹೇಳಲಿ. ಬೇಕಾದರೆ ಒಂದು ರೂಪಾಯಿ ತಪ್ಪುಕಾಣಿಕೆ ಹಾಕಿಸಲಿ, ಒಂದೇ ಸಲ. ಅದು ಕಾಯಿಲೆಗಲ್ಲ, ಕಡುಬಿಗೆ ಮಾತ್ರ ಅಂತ ಬಿಡಿಸಿ ಹೇಳಲಿ. ಹಾಕಿದ ಮೇಲೆ "ಮುಗೀತು" ಅನ್ನಲಿ. ಇಷ್ಟು ಹೇಳಿದರೆ ಅವರ ಗೌರವಕ್ಕೆ ಕುಂದು ಬರುವುದಿಲ್ಲ. ಮೊಮ್ಮಗನ ಕಣ್ಣಿನಲ್ಲಿ ಅಜ್ಜಿಯೂ ದೊಡ್ಡವರಾಗುತ್ತಾರೆ, ಅಜ್ಜಿಯ ದೇವರೂ ದೊಡ್ಡವನಾಗುತ್ತಾನೆ.

ಒಂದನ್ನು ಮಾತ್ರ ಗಮನದಲ್ಲಿಡಿ. ಇಷ್ಟಾದ ಮೇಲೂ ಅವನು "ನನ್ನಿಂದ ಅಲ್ಲ ತಾನೇ?" ಅಂತ ಮತ್ತೆ ಮತ್ತೆ ಕೇಳಬಹುದು. ಒಂದು ಸಲ ಪೂರ್ತಿ ಉತ್ತರ ಕೊಡಿ. ಆಮೇಲೆ ಪ್ರತಿ ಸಲವೂ ಸಮಾಧಾನ ಹೇಳುತ್ತಾ ಹೋದರೆ ಭಯ ಅದಕ್ಕೇ ಅಂಟಿಕೊಳ್ಳುತ್ತದೆ. "ಇದು ನಿನ್ನ ಭಯ ಕೇಳ್ತಾ ಇದೆ, ಉತ್ತರ ನಿನಗೆ ಗೊತ್ತು" ಅಂತ ಹೇಳಿ, ಪಕ್ಕದಲ್ಲೇ ಇರಿ. ಕೆನ್ನೆ ಬಡಿದುಕೊಳ್ಳುವುದು ಕೆಲವು ವಾರದಲ್ಲಿ ಕಡಿಮೆಯಾಗಬೇಕು. ಜಾಸ್ತಿಯಾಗುತ್ತಾ ಹೋದರೆ, ಎಣಿಸಿ ಎಣಿಸಿ ಮಾಡತೊಡಗಿದರೆ, ಮಧ್ಯೆ ತಡೆದಾಗ ತುಂಬ ಚಡಪಡಿಸಿದರೆ, ನಿದ್ದೆ ಊಟ ಶಾಲೆ ಕೆಟ್ಟರೆ ಅದು ಗೀಳಿನ ಕಾಯಿಲೆಯ ಶುರು ಇರಬಹುದು. ಮಕ್ಕಳಲ್ಲಿ ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ, ಬೇಗ ಹೋದಷ್ಟೂ ಸುಲಭ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಪ್ರತ್ಯೇಕ ವಿಭಾಗವಿದೆ. ಹೋಗುವ ಮೊದಲು ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕೊನೆಯದಾಗಿ, ಹಾಳು ಮಾಡಿಬಿಟ್ಟೆವಾ ಅಂತ ಕೇಳಿದ್ದೀರಿ. ಇಲ್ಲ. ಮೂರು ವಾರ ತಡವಾಗಿಯಾದರೂ ಅವನು ಓಡಿ ಬಂದದ್ದು ನಿಮ್ಮ ಹತ್ತಿರಕ್ಕೆ. ಇವತ್ತು ರಾತ್ರಿ ದೊಡ್ಡ ದೀಪ ಆರಿಸಿ, ಚಿಕ್ಕದೊಂದು ಉರಿಯಲು ಬಿಟ್ಟು, ಅವನ ಪಕ್ಕದಲ್ಲಿ ಮಲಗಿಕೊಳ್ಳಿ. ಎದುರೆದುರು ಕೂರಿಸಿ ಕೇಳಿದರೆ ಬಾಯಿ ಬಿಡದ ಮಕ್ಕಳು ಸೂರು ನೋಡುತ್ತಾ ಮಲಗಿದಾಗ ಎಷ್ಟೋ ಮಾತಾಡುತ್ತಾರೆ. ನೀವು ಚಿಕ್ಕವರಿದ್ದಾಗ ಯಾವುದಕ್ಕೆ ಹೆದರಿ ಯಾರಿಗೂ ಹೇಳದೆ ಇದ್ದಿರಿ ಅನ್ನುವುದನ್ನು ಮೊದಲು ನೀವು ಹೇಳಿ.